ಪ್ರಾರ್ಥನೆಯಲ್ಲಿ ನೆಗೆಣ್ಣಿಯ ಮುಖ ಬಂದರೆ

ಪ್ರಶ್ನೆ: ನಾನು ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನವಳು. ಖಾಸಗಿ ಶಾಲೆಯಲ್ಲಿ ಟೀಚರ್. ನಮ್ಮ ಮನೆಯವರು ಹೊಲದಲ್ಲಿ ತೊಗರಿ ಬೆಳೆಯುತ್ತಾರೆ. ಇಬ್ಬರು ಮಕ್ಕಳಿದ್ದಾರೆ. ದಿನಾ ಬೆಳಿಗ್ಗೆ ಪ್ರಾರ್ಥನೆ ಮಾಡುತ್ತೇನೆ, ಆದರೆ ದೇವರು ಮಾತಾಡಿದ್ದು ನನಗೆ ಒಮ್ಮೆಯೂ ಕೇಳಿಸಿಲ್ಲ. ಸಭೆಯಲ್ಲಿ ಬಹಳ ಜನ ‘ಕರ್ತನು ನನಗೆ ಹೇಳಿದನು’ ಅಂತ ಸಾಕ್ಷಿ ಹೇಳುತ್ತಾರೆ. ನಮ್ಮ ಪ್ರಾರ್ಥನಾ ಕೂಟದ ಹಿರಿಯ ಅಕ್ಕ ಒಬ್ಬರು, ನಾನು ನೌಕರಿ ಬಿಟ್ಟು ಪೂರ್ಣಾವಧಿ ಸೇವೆಗೆ ಬರಬೇಕು ಅಂತ ತಮಗೆ ದರ್ಶನ ಆಯಿತು ಅಂದರು. ಶಾಲೆಗೆ ಮಾರ್ಚ್ ಕೊನೆಯೊಳಗೆ ತಿಳಿಸಬೇಕು. ಮನೆಯವರಿಗೆ ಇದು ಇಷ್ಟವಿಲ್ಲ. ದೇವರ ಚಿತ್ತ ಯಾವುದು ಅಂತ ಹೇಗೆ ತಿಳಿಯಲಿ? ಇನ್ನೊಂದು ಮಾತು. ಹೊಲದ ಪಾಲಿನ ವಿಷಯಕ್ಕೆ ನನ್ನ ನೆಗೆಣ್ಣಿ ಜೊತೆ ಎರಡು ವರ್ಷದಿಂದ ಮಾತಿಲ್ಲ. ಪ್ರಾರ್ಥನೆಗೆ ಕೂತರೆ ಅವರ ಮುಖವೇ ಕಣ್ಣಮುಂದೆ ಬರುತ್ತದೆ, ಮನಸ್ಸು ಚೆದುರುತ್ತದೆ. ಅದಕ್ಕೂ ಏನಾದರೂ ಉಪಾಯ ಹೇಳಿ.

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ನೌಕರಿಯ ಮಾತೇ ಜಾಸ್ತಿ ಇದೆ. ನೆಗೆಣ್ಣಿಯ ವಿಷಯ ಕೊನೆಗೆ ಎರಡು ಸಾಲಿನಲ್ಲಿ ಮುಗಿದಿದೆ. ನಾನು ಆ ಎರಡು ಸಾಲಿನಿಂದಲೇ ಶುರು ಮಾಡುತ್ತೇನೆ. ದೇವರು ಮಾತಾಡಿದ್ದು ಒಮ್ಮೆಯೂ ಕೇಳಿಸಿಲ್ಲ ಅಂತ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ದಿನಾ ಬೆಳಿಗ್ಗೆ ಕೇಳಿಸುತ್ತಾ ಇದೆ. ಅದನ್ನು ನೀವು ಅಡಚಣೆ ಅಂದುಕೊಂಡು ಪಕ್ಕಕ್ಕೆ ತಳ್ಳುತ್ತಿದ್ದೀರಿ.

ಮತ್ತಾಯ 5ನೇ ಅಧ್ಯಾಯ ತೆಗೆಯಿರಿ, 23 ಮತ್ತು 24ನೇ ವಚನ. ನೀನು ಕಾಣಿಕೆ ಹಿಡಿದು ಯಜ್ಞವೇದಿಯ ಹತ್ತಿರ ಬಂದಿದ್ದೀಯ. ನಿನ್ನ ಮೇಲೆ ನಿನ್ನ ಸಹೋದರನಿಗೆ ಏನೋ ಅಸಮಾಧಾನ ಇದೆ ಎಂಬುದು ಅಲ್ಲಿ ನೆನಪಿಗೆ ಬರುತ್ತದೆ. ಹಾಗಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಸಂಗಡ ಒಂದಾಗು, ಆಮೇಲೆ ಬಂದು ಕಾಣಿಕೆ ಕೊಡು ಎಂದು ಯೇಸು ಹೇಳುತ್ತಾನೆ. ಯೇಸು ಈ ಮಾತು ಹೇಳಿದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಜೆರೂಸಲೇಮಿನಲ್ಲಿ. ನಡೆದು ಹೋಗಲು ದಿನಗಟ್ಟಲೆ ಬೇಕಿತ್ತು. ಅಷ್ಟು ದೂರ ಬಂದವನಿಗೂ ‘ವಾಪಸ್ ಹೋಗಿ ಬಾ’ ಎನ್ನುವಷ್ಟು ಇದು ಕರ್ತನಿಗೆ ದೊಡ್ಡ ವಿಷಯ. ಇನ್ನೂ ಒಂದು ಗಮನಿಸಿ. ನೆನಪು ಬಂದದ್ದು ಎಲ್ಲಿ? ಸಂತೆಯಲ್ಲಿ ಅಲ್ಲ, ಹೊಲದಲ್ಲಿ ಅಲ್ಲ, ವೇದಿಯ ಹತ್ತಿರ. ದೇವರ ಮುಂದೆ ನಿಂತಾಗಲೇ ಆ ಮುಖ ಕಂಡಿತು.

ಹಾಗಂತ ಪ್ರಾರ್ಥನೆಯಲ್ಲಿ ಸುಳಿಯುವ ಪ್ರತಿ ಯೋಚನೆಯೂ ದೇವರ ಮಾತು ಅಂತ ನಾನು ಹೇಳುತ್ತಿಲ್ಲ. ಗ್ಯಾಸ್ ಮುಗಿದದ್ದು, ಮಗನ ಫೀಸು ಬಾಕಿ ಇದ್ದದ್ದು, ಎಲ್ಲವೂ ಆಗಲೇ ನೆನಪಾಗುತ್ತವೆ. ಆದರೆ ಇಲ್ಲಿ ಯೋಚನೆಗೂ ವಾಕ್ಯಕ್ಕೂ ತಾಳೆ ಆಗುತ್ತಿದೆ. ಸಮಾಧಾನ ಮಾಡಿಕೋ ಎಂಬುದಕ್ಕೆ ನಿಮಗೆ ಹೊಸ ದರ್ಶನ ಬೇಕಿಲ್ಲ, ಅಕ್ಕನ ಪ್ರವಾದನೆಯೂ ಬೇಕಿಲ್ಲ. ಸತ್ಯವೇದದಲ್ಲಿ ಅಚ್ಚಾಗಿ ಬಂದಿದೆ.

ನಮ್ಮ ಸಭೆಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಯಾವ ಊರಿಗೆ ಹೋಗಲಿ, ಯಾವ ಸಂಬಂಧ ಒಪ್ಪಲಿ, ಅಂಗಡಿ ಇಡಲಾ ಬೇಡವಾ ಎಂಬ ದೊಡ್ಡ ವಿಷಯಗಳಿಗೆ ಉಪವಾಸ ಪ್ರಾರ್ಥನೆ ನಡೆಯುತ್ತದೆ. ಸ್ಪಷ್ಟವಾಗಿ ಗೊತ್ತಿರುವ ಸಣ್ಣ ವಿಷಯ ಮಾತ್ರ ಹಾಗೇ ಬಿದ್ದಿರುತ್ತದೆ. ಯೋಹಾನ 7:17ರಲ್ಲಿ ಯೇಸು ಹೇಳುವ ಕ್ರಮ ಬೇರೆ. ದೇವರ ಚಿತ್ತದಂತೆ ನಡೆಯಲು ಮನಸ್ಸಿರುವವನಿಗೆ ಬೋಧನೆ ಎಲ್ಲಿಂದ ಬಂದದ್ದು ಅಂತ ತಿಳಿಯುತ್ತದೆ ಎನ್ನುತ್ತಾನೆ. ನಡೆಯುವ ಮನಸ್ಸು ಮೊದಲು, ತಿಳಿವಳಿಕೆ ಆಮೇಲೆ. ಪೂರ್ತಿ ಗೊತ್ತಾದ ಮೇಲೆ ನಡೆಯುತ್ತೇನೆ ಅಂತ ಕೂತವರಿಗೆ ಕಿವಿ ಮಂದವಾಗುತ್ತಾ ಹೋಗುತ್ತದೆ.

ಈಗ ನೆಗೆಣ್ಣಿಯ ಹತ್ತಿರ ಹೇಗೆ ಹೋಗಬೇಕು ಎಂಬುದು. ಮೊದಲು ನಿಮ್ಮ ಮನೆಯವರಿಗೆ ಹೇಳಿ, ಅವರಿಗೆ ತಿಳಿಯದೆ ಹೋಗಬೇಡಿ. ನೆಗೆಣ್ಣಿಯ ಮನೆಗೆ ಹೋದಾಗ ಹೊಲದ ಮಾತು ತೆಗೆಯಬೇಡಿ. ‘ಎರಡು ವರ್ಷ ನಿಮ್ಮ ಜೊತೆ ಮಾತು ಬಿಟ್ಟೆ, ಅದು ನನ್ನದು ತಪ್ಪಾಯಿತು, ಕ್ಷಮಿಸಿ’ ಅಂತ ನಿಮ್ಮ ಪಾಲಿನದನ್ನು ಮಾತ್ರ ಹೇಳಿ. ‘ನೀವೂ ಹಾಗೆ ಮಾಡಿದ್ದಿರಿ, ಆದರೂ ನಾನೇ ಬಂದೆ’ ಎಂಬ ಬಾಲ ಸೇರಿಸಬೇಡಿ. ಅವರು ಚಹಾ ಕೊಟ್ಟರೆ ಕುಡಿಯಿರಿ. ಬಾಗಿಲಲ್ಲೇ ನಿಲ್ಲಿಸಿದರೆ ನಮಸ್ಕಾರ ಹೇಳಿ ಬನ್ನಿ. ಸಾಧ್ಯವಾದರೆ, ನಿಮ್ಮಿಂದ ಆಗುವಷ್ಟರ ಮಟ್ಟಿಗೆ ಎಲ್ಲರ ಸಂಗಡ ಸಮಾಧಾನವಾಗಿರಿ ಎಂದು ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿದೆ. ಅವರ ಪಾಲಿನದು ಅವರಿಗೆ ಬಿಟ್ಟದ್ದು.

ಕ್ಷಮೆ ಕೇಳುವುದು ಅಂದರೆ ಹೊಲ ಬಿಟ್ಟುಕೊಡುವುದು ಅಂತ ತಿಳಿಯಬೇಡಿ. ಈ ಗೊಂದಲದಿಂದ ಹೆಣ್ಣುಮಕ್ಕಳೇ ಜಾಸ್ತಿ ಕಳೆದುಕೊಳ್ಳುತ್ತಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಪಾಲಿನ ಲೆಕ್ಕ ಬೇರೆ. ಅದನ್ನು ಹಿರಿಯರನ್ನು ಕೂಡಿಸಿ, ಪಹಣಿ ಮುಂದಿಟ್ಟುಕೊಂಡು, ಬೇಕಾದರೆ ಸರ್ವೆ ಮಾಡಿಸಿ, ಇನ್ನೊಂದು ದಿನ ಮಾತಾಡಿ. ನ್ಯಾಯ ಕೇಳುವುದು ಪಾಪವಲ್ಲ. ಮುಖ ತಿರುಗಿಸಿಕೊಂಡು ಬದುಕುವುದನ್ನು ಮಾತ್ರ ಬಿಡಬೇಕು. ಇನ್ನೊಂದು ಮಾತು: ಜಗಳದಲ್ಲಿ ಹೊಡೆದಾಟ, ಬೆದರಿಕೆ ನಡೆದಿದ್ದರೆ ಒಬ್ಬರೇ ಹೋಗಬೇಡಿ. ಸಭಾಪಾಲಕರನ್ನೋ ಇಬ್ಬರಿಗೂ ಬೇಕಾದ ಹಿರಿಯರನ್ನೋ ಕರೆದುಕೊಂಡು ಹೋಗಿ. ‘ತೊಗರಿ ರಾಶಿ ಮುಗಿಯಲಿ, ಆಮೇಲೆ ನೋಡೋಣ’ ಅಂತ ಮುಂದೂಡುವ ಆಸೆ ಬರುತ್ತದೆ. ಈ ವಾರವೇ ಹೋಗಿ.

ಇನ್ನು ಅಕ್ಕನ ದರ್ಶನದ ವಿಷಯ.

ಸಮುವೇಲನ ಕಥೆ ನಿಮಗೆ ಸಂಡೇ ಸ್ಕೂಲಿನಿಂದ ಗೊತ್ತು. ಶೀಲೋವಿನ ಮಂದಿರದಲ್ಲಿ ಹುಡುಗ ಮಲಗಿದ್ದಾನೆ. ಕರೆ ಬರುತ್ತದೆ. ಮೂರು ಸಲ ಎದ್ದು ಯಾಜಕನಾದ ಏಲಿಯ ಹತ್ತಿರ ಓಡುತ್ತಾನೆ. ಮೂರನೆಯ ಸಲ ಮುದುಕನಿಗೆ ಗೊತ್ತಾಗುತ್ತದೆ, ಹುಡುಗನನ್ನು ಕರೆಯುತ್ತಿರುವುದು ಯೆಹೋವನು ಅಂತ. ಆಗ ಏಲಿ ಏನು ಮಾಡಿದ ಎಂಬುದನ್ನು ನಾವು ಜಾಸ್ತಿ ಗಮನಿಸುವುದಿಲ್ಲ. ‘ದೇವರು ನಿನಗೆ ಇದನ್ನು ಹೇಳಲಿದ್ದಾನೆ’ ಅಂತ ಅವನು ಹೇಳಲಿಲ್ಲ. ‘ಹೋಗಿ ಮಲಗು, ಮತ್ತೆ ಕರೆದರೆ ಹೀಗೆ ಉತ್ತರ ಕೊಡು’ ಅಂತ ಹೇಳಿಕೊಟ್ಟು ವಾಪಸ್ ಕಳಿಸಿದ. ಹುಡುಗನಿಗೂ ದೇವರಿಗೂ ನಡುವೆ ತಾನು ನಿಲ್ಲಲಿಲ್ಲ. ಏಲಿಯ ಮನೆತನದಲ್ಲಿ ಬೇಕಾದಷ್ಟು ತಪ್ಪಿತ್ತು, ಕಣ್ಣೂ ಮಂಜಾಗಿತ್ತು. ಆದರೂ ಆ ರಾತ್ರಿ ಅವನು ಒಬ್ಬ ಹಿರಿಯ ಮಾಡಬೇಕಾದದ್ದನ್ನು ಸರಿಯಾಗಿ ಮಾಡಿದ. ನಿಮ್ಮ ಕೂಟದ ಅಕ್ಕನಿಂದ ನಿಮಗೆ ಬೇಕಾದದ್ದು ಇದೇ ಸಹಾಯ.

ಆ ಹುಡುಗ ಕೇಳಿಸಿಕೊಂಡ ಮೊದಲ ಮಾತು ಅವನ ಸ್ವಂತ ಭವಿಷ್ಯದ ಬಗ್ಗೆ ಇರಲೂ ಇಲ್ಲ. ಏಲಿಯ ಮನೆಗೆ ಬರುವ ನ್ಯಾಯತೀರ್ಪಿನ ಬಗ್ಗೆ ಇತ್ತು. ಬೆಳಗಾದಾಗ ಮಂದಿರದ ಬಾಗಿಲು ತೆರೆದ, ಹೇಳಲು ಹೆದರಿದ, ಕೊನೆಗೆ ಒಂದನ್ನೂ ಮುಚ್ಚಿಡದೆ ಹೇಳಿದ. ದೇವರು ಮಾತಾಡಿದರೆ ನನ್ನ ನೌಕರಿ, ನನ್ನ ಮನೆ, ನನ್ನ ಆಶೀರ್ವಾದ ಇವುಗಳ ಬಗ್ಗೆಯೇ ಮಾತಾಡಬೇಕು ಅಂತ ನಾವು ಕಾಯುತ್ತೇವೆ ಅಲ್ವಾ? ಹೊಸ ವರ್ಷದ ರಾತ್ರಿ ವಾಗ್ದಾನದ ಕಾರ್ಡು ಎತ್ತುವುದೂ ಅದೇ ಆಸೆಯಿಂದ. ಕಾರ್ಡಿನ ವಚನ ದೇವರ ವಾಕ್ಯವೇ, ಅದನ್ನು ಗೋಡೆಗೆ ಹಚ್ಚಿ, ಬಾಯಿಪಾಠ ಮಾಡಿ. ಆದರೆ ಕಣ್ಣು ಮುಚ್ಚಿ ಸತ್ಯವೇದ ತೆರೆದು, ಬೆರಳು ಬಿದ್ದ ವಚನದ ಮೇಲೆ ನೌಕರಿಯ ತೀರ್ಮಾನ ಮಾಡಬೇಡಿ.

ಒಬ್ಬರು ‘ನಿನ್ನ ಬಗ್ಗೆ ದೇವರು ತೋರಿಸಿದನು’ ಅಂದಾಗ ಅದನ್ನು ಮೂರು ಭಾಗ ಮಾಡಿ ನೋಡುವುದನ್ನು ಕಲಿಯಿರಿ: ಅವರಿಗೆ ಏನು ಕಂಡಿತು, ಅದರ ಅರ್ಥ ಏನು ಅಂತ ಅವರು ತಿಳಿದರು, ನೀವು ಏನು ಮಾಡಬೇಕು ಅಂತ ಹೇಳಿದರು. ಅಪೊಸ್ತಲರ ಕೃತ್ಯಗಳು 21ರಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಪೊಸ್ತಲ ಪೌಲ ಜೆರೂಸಲೇಮಿಗೆ ಹೊರಟಿದ್ದಾನೆ. ತೂರಿನ ಶಿಷ್ಯರು ಆತ್ಮನ ಪ್ರೇರಣೆಯಿಂದ ‘ಹೋಗಬೇಡ’ ಎನ್ನುತ್ತಾರೆ. ಕೈಸರೈಯದಲ್ಲಿ ಅಗಬನೆಂಬ ಪ್ರವಾದಿ ಪೌಲನ ನಡುಕಟ್ಟು ತೆಗೆದುಕೊಂಡು ತನ್ನ ಕೈಕಾಲು ಕಟ್ಟಿಕೊಂಡು, ಇದರ ಯಜಮಾನನನ್ನು ಹೀಗೆ ಕಟ್ಟುತ್ತಾರೆ ಎನ್ನುತ್ತಾನೆ. ಎಲ್ಲರೂ ಅತ್ತು ತಡೆಯುತ್ತಾರೆ. ಪೌಲ ಆದರೂ ಹೋಗುತ್ತಾನೆ. ಬೇಡಿ ಬೀಳುತ್ತದೆ ಎಂದು ತೋರಿಸಿದ್ದು ಆತ್ಮನು, ಆದ್ದರಿಂದ ಹೋಗಬೇಡ ಎಂಬುದು ಪ್ರೀತಿಯಿಂದ ಬಂದ ಜನರ ತೀರ್ಮಾನ ಎಂದು ನಾನು ಓದುತ್ತೇನೆ. ಪೌಲ ತೋರಿಸಿದ್ದನ್ನು ಒಪ್ಪಿದ, ತೀರ್ಮಾನವನ್ನು ಒಪ್ಪಲಿಲ್ಲ. ಕೊನೆಗೆ ಅವರೇ ‘ಕರ್ತನ ಚಿತ್ತದಂತಾಗಲಿ’ ಎಂದು ಸುಮ್ಮನಾದರು. ಯಾರೂ ಅವನನ್ನು ಅವಿಧೇಯ ಅನ್ನಲಿಲ್ಲ.

ನಿಮ್ಮ ಅಕ್ಕ ನಿಮ್ಮಲ್ಲಿ ಸೇವೆಯ ವರ ಇರುವುದನ್ನು ಕಂಡಿರಬಹುದು. ಅದು ನಿಜವೇ ಇರಬಹುದು. ನೌಕರಿ ಬಿಡಬೇಕು ಎಂಬುದು ಅದರ ಮೇಲೆ ಅವರು ಕಟ್ಟಿದ್ದು ಇರಬಹುದು. ಅವರನ್ನು ಸುಳ್ಳುಗಾರ್ತಿ ಅನ್ನಬೇಕಿಲ್ಲ, ಹೇಳಿದ್ದನ್ನೆಲ್ಲ ಹೊರಬೇಕಾಗಿಯೂ ಇಲ್ಲ. ಪ್ರವಾದನೆಗಳನ್ನು ಹೀನೈಸಬೇಡಿ, ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಎಂದು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯ ಎರಡನ್ನೂ ಒಟ್ಟಿಗೆ ಹೇಳುತ್ತದೆ.

ಪರಿಶೋಧಿಸದೆ ಕೆಟ್ಟವನೊಬ್ಬನ ಕಥೆ 1 ಅರಸುಗಳು 13ರಲ್ಲಿದೆ, ನಮ್ಮ ಪೀಠಗಳಲ್ಲಿ ಇದು ಅಪರೂಪಕ್ಕೆ ಕೇಳಿಸುತ್ತದೆ. ಯೂದದಿಂದ ಬೇತೇಲಿಗೆ ಬಂದ ದೇವರ ಮನುಷ್ಯನಿಗೆ ಅಪ್ಪಣೆ ಸ್ಪಷ್ಟವಾಗಿತ್ತು: ಅಲ್ಲಿ ಊಟ ಮಾಡಬೇಡ, ನೀರು ಕುಡಿಯಬೇಡ, ಹೋದ ದಾರಿಯಲ್ಲಿ ಹಿಂದಿರುಗಬೇಡ. ಅರಸನೇ ಕರೆದರೂ ಅವನು ನಿಲ್ಲಲಿಲ್ಲ. ಆದರೆ ಒಬ್ಬ ಮುದಿ ಪ್ರವಾದಿ ಬಂದು ‘ನಾನೂ ಪ್ರವಾದಿಯೇ, ದೂತನು ನನಗೆ ಹೇಳಿದ್ದಾನೆ’ ಅಂತ ಸುಳ್ಳು ಹೇಳಿದಾಗ ಹಿಂದೆ ಹೋದ, ಉಂಡ. ದಾರಿಯಲ್ಲಿ ಸಿಂಹ ಅವನನ್ನು ಕೊಂದಿತು. ಅರಸನ ಆಸೆಗೆ ಬೀಳದವನು ಹಿರಿಯನ ‘ದೇವರು ಹೇಳಿದನು’ ಎಂಬ ಮಾತಿಗೆ ಬಿದ್ದ. ಭಕ್ತಿಯುಳ್ಳವರಿಗೆ ಆಸೆಗಿಂತ ಈ ಮಾತು ಜಾಸ್ತಿ ಅಪಾಯ.

ಸೇವೆಗೆ ಕರೆ ನಿಜವಾಗಿ ಬಂದಾಗ ಅದು ಹೇಗೆ ಬರುತ್ತದೆ? ಅಪೊಸ್ತಲರ ಕೃತ್ಯಗಳು 13 ನೋಡಿ. ಅಂತಿಯೋಕ್ಯದ ಸಭೆಯಲ್ಲಿ ಐದು ಜನರ ಹೆಸರಿದೆ. ಆರಾಧನೆ, ಉಪವಾಸ ನಡೆಯುತ್ತಿದೆ. ಬಾರ್ನಬನನ್ನೂ ಸೌಲನನ್ನೂ ಪ್ರತ್ಯೇಕಿಸಿರಿ ಎಂದು ಪವಿತ್ರಾತ್ಮನು ಹೇಳುತ್ತಾನೆ. ಕರೆ ಪಡೆದವರೂ ಆ ಐದು ಜನರೊಳಗೇ ಇದ್ದರು. ಸೌಲ ಅಂದರೆ ಪೌಲನೇ. ಅವನಿಗಂತೂ ದಮಸ್ಕದ ದಾರಿಯಲ್ಲಿ ಯೇಸು ಕಾಣಿಸಿಕೊಂಡ ಘಟನೆಯಲ್ಲೇ ತನ್ನ ಕೆಲಸ ಗೊತ್ತಾಗಿತ್ತು. ಆ ಕೆಲಸಕ್ಕೆ ಈಗ ಸಭೆಯೂ ಸೇರಿತು. ಅದಾದ ಮೇಲೂ ಮತ್ತೆ ಉಪವಾಸ, ಪ್ರಾರ್ಥನೆ ಮಾಡಿ ಕೈಯಿಟ್ಟು ಕಳಿಸಿದರು. ನಿಮ್ಮ ವಿಷಯದಲ್ಲಿ ಒಬ್ಬರಿಗೆ ಮಾತ್ರ ಕೇಳಿಸಿದೆ. ನಿಮಗೆ ಕೇಳಿಸಿಲ್ಲ, ನಿಮ್ಮ ಮನೆಯವರಿಗೆ ಕೇಳಿಸಿಲ್ಲ, ಸಭೆಗೂ ಕೇಳಿಸಿಲ್ಲ. ಇಷ್ಟರ ಮೇಲೆ ರಾಜೀನಾಮೆ ಬರೆಯಬೇಡಿ.

ಯಾರಾದರೂ ಅವಸರ ಮಾಡಿದರೆ, ‘ಮಾಡದಿದ್ದರೆ ಶಾಪ ತಗಲುತ್ತದೆ’ ಅಂದರೆ, ಅಥವಾ ಪ್ರವಾದನೆಯ ಜೊತೆ ದುಡ್ಡಿನ ಮಾತೂ ಬಂದರೆ ಅಲ್ಲಿಂದ ದೂರ ಸರಿಯಿರಿ. ಯಾರಿಗಾದರೂ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಧ್ವನಿಗಳು ಕೇಳಿಸುತ್ತಿದ್ದರೆ, ಅವು ‘ನಿನಗೆ ನೀನೇ ಕೇಡು ಮಾಡಿಕೋ’ ಎನ್ನುತ್ತಿದ್ದರೆ, ಪ್ರಾರ್ಥನೆಯ ಜೊತೆಗೆ ತಡಮಾಡದೆ ಮಾನಸಿಕ ವೈದ್ಯರಿಗೂ ತೋರಿಸಬೇಕು. ಇದು ನಂಬಿಕೆಯ ಕೊರತೆ ಅಲ್ಲ.

ಈಗ ನಿಮ್ಮ ಬೆಳಗಿನ ಪ್ರಾರ್ಥನೆ. ನೀವು ಬರೆದದ್ದು ನೋಡಿದರೆ ನೀವು ಮಾತಾಡುತ್ತೀರಿ, ಆಮೆನ್ ಹೇಳಿ ಏಳುತ್ತೀರಿ. ಬಹುಪಾಲು ನಮ್ಮೆಲ್ಲರ ಪ್ರಾರ್ಥನೆಯೂ ಹಾಗೇ. ಕೂಟಗಳಲ್ಲಿ ಕನ್ನಡ, ತೆಲುಗು, ಉರ್ದು ಎಲ್ಲ ಬೆರೆಸಿ ಜೋರಾಗಿ ಪ್ರಾರ್ಥಿಸುವ ರೂಢಿ ನಮ್ಮ ಕಡೆ ಇದೆ. ಅದರಲ್ಲಿ ಬಲವಿದೆ, ಅದನ್ನು ಬಿಡಬೇಡಿ. ಅದರ ಜೊತೆ ಸುಮ್ಮನಿರುವುದನ್ನೂ ಕಲಿಯಬೇಕು.

ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ದಿನಕ್ಕೆ ಒಂದೇ ಘಟನೆ ಸಾಕು. ಒಮ್ಮೆ ಬಾಯಿಬಿಟ್ಟು ಓದಿ, ಇನ್ನೊಮ್ಮೆ ನಿಧಾನವಾಗಿ ಓದಿ. ಎಲ್ಲಿ ಮನಸ್ಸು ನಿಲ್ಲುತ್ತದೋ ಅಲ್ಲಿ ನಿಲ್ಲಿಸಿ. ಕರ್ತನೇ, ಇದರಲ್ಲಿ ಇವತ್ತು ನನಗೆ ಏನಿದೆ ಎಂದು ಕೇಳಿ ಹತ್ತು ನಿಮಿಷ ಸುಮ್ಮನಿರಿ. ಫೋನು ಬೇರೆ ಕೋಣೆಯಲ್ಲಿರಲಿ. ಬೇಸಿಗೆಯಲ್ಲಿ ನಮ್ಮ ಮನೆಗಳೊಳಗೆ ಕೂರಲಾಗುವುದಿಲ್ಲ, ಬೆಳಕು ಹರಿಯುವ ಮುಂಚೆ ಮಾಳಿಗೆಗೆ ಹೋಗಿ. ಆಮೇಲೆ ಒಂದು ನೋಟ್‌ಬುಕ್‌ನಲ್ಲಿ ಅವತ್ತು ಮಾಡಬೇಕಾದ ಒಂದು ಕೆಲಸ ಬರೆಯಿರಿ. ‘ಎಲ್ಲರನ್ನೂ ಪ್ರೀತಿಸಬೇಕು’ ಅಂತ ಬರೆದರೆ ಪ್ರಯೋಜನವಿಲ್ಲ. ಯಾರಿಗೆ, ಯಾವಾಗ, ಏನು ಅಂತ ಬರೆಯಿರಿ: ಐದನೇ ಕ್ಲಾಸಿನ ಆ ಹುಡುಗಿ ಮೂರು ದಿನದಿಂದ ಬಂದಿಲ್ಲ, ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋಗಬೇಕು. ರಾತ್ರಿ ಮಲಗುವ ಮುಂಚೆ ಮಾಡಿದೆನಾ ಇಲ್ಲವಾ ಅಂತ ನೋಡಿ. ವಾಕ್ಯವನ್ನು ಕೇಳುವವರು ಮಾತ್ರ ಆಗಿದ್ದು ಮೋಸಹೋಗಬೇಡಿ ಎಂದು ಯಾಕೋಬನು ತನ್ನ ಪತ್ರದಲ್ಲಿ ಹೇಳುವುದು ಈ ಜಾಗದಲ್ಲೇ ಕೆಲಸಕ್ಕೆ ಬರುತ್ತದೆ.

ಮಾರ್ಕ 1:35ರಲ್ಲಿ ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಒಂಟಿ ಜಾಗಕ್ಕೆ ಹೋಗಿ ಪ್ರಾರ್ಥಿಸುತ್ತಾನೆ. ಶಿಷ್ಯರು ಹುಡುಕಿಕೊಂಡು ಬಂದು ‘ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ’ ಎನ್ನುತ್ತಾರೆ. ಹಿಂದಿನ ಸಂಜೆ ಊರೆಲ್ಲ ಬಾಗಿಲ ಮುಂದೆ ಸೇರಿತ್ತು. ನಾವಾದರೆ ಅದನ್ನೇ ದೇವರ ಬಾಗಿಲು ತೆರೆದಿದೆ ಎನ್ನುತ್ತಿದ್ದೆವು. ಯೇಸು ಬೇರೆ ಊರುಗಳಿಗೆ ಹೋಗೋಣ, ನಾನು ಬಂದದ್ದು ಅದಕ್ಕೇ ಎಂದ. ದೇವರ ಮುಂದೆ ಸುಮ್ಮನಿದ್ದವರಿಗೆ ಒಳ್ಳೆಯ ಅವಕಾಶಕ್ಕೂ ಬೇಡ ಅನ್ನುವ ಧೈರ್ಯ ಬರುತ್ತದೆ. ನಿಮಗೆ ಮಾರ್ಚ್ ಒಳಗೆ ಬೇಕಾದದ್ದು ಅದೇ ಧೈರ್ಯ, ಶಾಲೆಗೇ ಇರಲಿ, ಅಕ್ಕನಿಗೇ ಇರಲಿ.

ಮನಸ್ಸಿನ ಒಳಗಿನದನ್ನು ಗುರುತಿಸಲು ಕ್ಯಾಥೊಲಿಕ್ ಸಂತ ಇಗ್ನೇಷಿಯಸ್ ಲೊಯೋಲನಿಂದ ಕಲಿಯುವುದಿದೆ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಯುದ್ಧದಲ್ಲಿ ಅವನ ಕಾಲಿಗೆ ಫಿರಂಗಿ ಗುಂಡು ಬಡಿಯಿತು. ಹಾಸಿಗೆಯಲ್ಲಿ ಬಿದ್ದಾಗ ಅವನು ಎರಡು ರೀತಿ ಕನಸು ಕಾಣುತ್ತಿದ್ದ. ಯುದ್ಧವೀರನಾಗಿ ಹೆಸರು ಮಾಡುವ ಕನಸು ಕಾಣುವಾಗ ಸಂತೋಷ ಕೊಡುತ್ತಿತ್ತು, ಮುಗಿದ ಮೇಲೆ ಒಣಗಿದ ಹಾಗೆ ಆಗುತ್ತಿತ್ತು. ಸಂತರ ಹಾಗೆ ಬದುಕುವ ಯೋಚನೆ ಮಾತ್ರ ಮುಗಿದ ಮೇಲೂ ಸಂತೋಷ ಉಳಿಸುತ್ತಿತ್ತು. ಅದರಿಂದ ಅವನು ಯೋಚನೆಯ ರುಚಿಗಿಂತ ಅದು ಬಿಟ್ಟುಹೋಗುವುದನ್ನು ನೋಡಲು ಕಲಿತ. ಮನಸ್ಸು ಕುಗ್ಗಿ, ದೇವರು ದೂರ ಅನ್ನಿಸುವ ದಿನಗಳಲ್ಲಿ ಹಿಂದಿನ ತೀರ್ಮಾನವನ್ನು ಬದಲಿಸಬೇಡ ಎಂಬುದೂ ಅವನು ಕೊಟ್ಟ ನಿಯಮ. ನಾನಿರುವುದು ಪ್ರೊಟೆಸ್ಟಂಟ್ ಸಭೆಯಲ್ಲಿ, ಆದರೂ ಈ ನಿಯಮವನ್ನು ಬಹಳ ಜನರಿಗೆ ಹೇಳಿದ್ದೇನೆ. ಸೇವೆಯ ಯೋಚನೆ ಬಂದಾಗ ನಿಮಗೆ ಆಮೇಲೆ ಏನು ಉಳಿಯುತ್ತದೆ? ಶಾಂತಿಯಾ, ಬರೀ ಭಯವಾ, ‘ಬೇಡ ಅಂದರೆ ದೇವರು ಸಿಟ್ಟಾಗುತ್ತಾನೆ’ ಎಂಬ ಒತ್ತಡವಾ? ಕೆಲವು ವಾರ ಬರೆದಿಡಿ.

ಒಬ್ಬರೇ ಇದನ್ನು ಮಾಡಬೇಡಿ. ಬೀದರ್, ಕಲಬುರಗಿ, ಯಾದಗಿರಿ ಕಡೆಯ ಮೆಥೋಡಿಸ್ಟ್ ಸಭೆಗಳವರಿಗೆ, ಆ ಪಂಥವನ್ನು ಶುರು ಮಾಡಿದ ಜಾನ್ ವೆಸ್ಲಿಯ ಹೆಸರು ಹೊಸದಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ ಪ್ರಾರ್ಥನಾಮಂದಿರದ ಸಾಲ ತೀರಿಸಲು ಪ್ರತಿ ಸದಸ್ಯರಿಂದ ವಾರಕ್ಕೆ ಒಂದು ಪೆನ್ನಿ ವಸೂಲಿ ಮಾಡುವ ಏರ್ಪಾಡಾಯಿತು. ಸುಮಾರು ಹನ್ನೆರಡು ಜನಕ್ಕೆ ಒಬ್ಬ ನಾಯಕ. ದುಡ್ಡಿಗೆ ಮನೆಮನೆಗೆ ಹೋದವರಿಗೆ ಜನರ ಬದುಕು ಕಂಡಿತು. ಅದೇ ಮುಂದೆ ಕ್ಲಾಸ್ ಮೀಟಿಂಗ್ ಆಯಿತು. ವಾರಕ್ಕೊಮ್ಮೆ ಸೇರಿ, ನಿನ್ನ ಆತ್ಮ ಹೇಗಿದೆ ಎಂದು ಒಬ್ಬರನ್ನೊಬ್ಬರು ಕೇಳುವ ಕೂಟ. ನಿಮಗೂ ಅಂಥ ಇಬ್ಬರು ಬೇಕು. ನಿಮ್ಮನ್ನು ಹೊಗಳುವವರು ಬೇಡ, ಹೆದರಿಸುವವರೂ ಬೇಡ. ನಿಮ್ಮ ನೋಟ್‌ಬುಕ್ ಅವರ ಮುಂದೆ ಓದಿ, ಪ್ರಶ್ನೆ ಕೇಳಲು ಬಿಡಿ.

ನಿಮ್ಮ ಮನೆಯವರ ‘ಇಷ್ಟವಿಲ್ಲ’ ಎಂಬುದನ್ನೂ ವಿಚಾರಿಸಿ ತಿಳಿಯಿರಿ. ಅವರು ದೇವರಿಗೆ ಎದುರು ನಿಂತಿದ್ದಾರಾ, ಅಥವಾ ಮಳೆ ಕೈಕೊಟ್ಟ ವರ್ಷ ನಿಮ್ಮ ಸಂಬಳದಿಂದಲೇ ಮನೆ ನಡೆದದ್ದು ಅವರಿಗೆ ನೆನಪಿದೆಯಾ? ಪಾರಸಿಯ ಅರಸನ ಸೇವಕನಾಗಿದ್ದ ನೆಹೆಮೀಯನು ಜೆರೂಸಲೇಮಿನ ಗೋಡೆ ಬಿದ್ದಿದೆ ಎಂಬ ಸುದ್ದಿಯನ್ನು ಕಿಸ್ಲೇವ್ ತಿಂಗಳಲ್ಲಿ ಕೇಳಿ ಅತ್ತ, ಉಪವಾಸ ಮಾಡಿದ. ಅರಸನ ಮುಂದೆ ಮಾತಾಡಿದ್ದು ನೀಸಾನ್ ತಿಂಗಳಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು. ಅರಸ ಕೇಳಿದಾಗ ಎಷ್ಟು ಕಾಲ ಬೇಕು, ಯಾರ್ಯಾರಿಗೆ ಪತ್ರ ಬೇಕು, ಮರ ಎಲ್ಲಿಂದ ಬರಬೇಕು ಎಲ್ಲ ಅವನ ಬಾಯಲ್ಲಿ ಸಿದ್ಧವಾಗಿತ್ತು. ಪ್ರಾರ್ಥನೆಯಲ್ಲೇ ಲೆಕ್ಕವೂ ನಡೆದಿತ್ತು. ನೀವಿಬ್ಬರೂ ಕೂತು ಖರ್ಚು, ಸಾಲ, ಮಕ್ಕಳ ಫೀಸು ಬರೆದು ನೋಡಿ. ಸೇವೆಯ ಆಸೆ ಇದ್ದರೆ ಏಪ್ರಿಲ್, ಮೇ ರಜೆಯಲ್ಲಿ ಮಕ್ಕಳ ಬೈಬಲ್ ತರಗತಿ ನಡೆಸಿ, ಭಾನುವಾರ ಸಂಡೇ ಸ್ಕೂಲಿನಲ್ಲಿ ಕಲಿಸಿ. ಕರೆ ಇದ್ದರೆ ಅಲ್ಲಿ ಬೆಳೆಯುತ್ತದೆ, ಸಭೆಗೂ ಕಾಣುತ್ತದೆ.

ಮಾರ್ಚ್ ಬಂದಾಗಲೂ ಸ್ಪಷ್ಟವಾಗದಿದ್ದರೆ ಶಾಲೆಯಲ್ಲೇ ಇನ್ನೊಂದು ವರ್ಷ ಮುಂದುವರಿಯಿರಿ. ಮಕ್ಕಳಿಗೆ ಕಲಿಸುವುದು ಕರ್ತನ ಕೆಲಸಕ್ಕೆ ಹೊರಗಿನದಲ್ಲ. ಕೂಟದ ಅಕ್ಕನಿಗೆ ಗೌರವದಿಂದಲೇ ಹೇಳಿ: ‘ಅಕ್ಕಾ, ನೀವು ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದೇನೆ. ಪ್ರಾರ್ಥನೆಯಲ್ಲಿ ಇಟ್ಟಿದ್ದೇನೆ. ಪಾಸ್ಟರಿಗೂ ಹೇಳಿದ್ದೇನೆ. ನನಗೂ ನಮ್ಮ ಮನೆಯವರಿಗೂ ತಿಳಿಯುವ ತನಕ ಕಾಯುತ್ತೇವೆ, ನೀವೂ ನಮಗಾಗಿ ಪ್ರಾರ್ಥಿಸಿ.’